ಡಿಸ್ಚಾರ್ಜ್ ಆದ ಮೇಲೆ: ತಲೆಗೆ ಪೆಟ್ಟಾದವರ ಮನೆಗೆ ನಮ್ಮ ನೆರವು ಹೇಗಿರಬೇಕು?



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ತಲೆಗೆ ಪೆಟ್ಟಾದವರದು ಬೇರೆಯೇ ಬಗೆ. ಬೇರೆ ಎಷ್ಟೋ ಕಾಯಿಲೆಗಳಲ್ಲಿ ಶಸ್ತ್ರಚಿಕಿತ್ಸೆ ಮುಗಿದು ಆಸ್ಪತ್ರೆಯ ಬಿಲ್ಲು ತೀರಿದರೆ ಮನೆಯವರು ಒಂದಿಷ್ಟು ನಿರಾಳರಾಗುತ್ತಾರೆ. ಮಿದುಳಿಗೆ ಪೆಟ್ಟಾದವರ ಮನೆಯಲ್ಲಿ ಬಿಲ್ಲು ತೀರಿದ ದಿನವೇ ನಿಜವಾದ ಕೆಲಸ ಶುರುವಾಗುತ್ತದೆ. ಆ ಹೊತ್ತಿಗೆ ನೋಡಲು ಬರುವವರು ಕಡಿಮೆಯಾಗಿರುತ್ತಾರೆ, ನೆರವಿನ ಹಣವೂ ಮುಗಿದಿರುತ್ತದೆ.

ಡೊಂಬಿವಲಿಯಲ್ಲಿರುವ ನಮ್ಮ ಒಂದು ಕುಟುಂಬದ ವಿಷಯವನ್ನು ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಇಲ್ಲಿ ಬರೆಯುತ್ತಿದ್ದೇವೆ. ಮೂಲ ವಿಜಯಪುರದ ಕಡೆಯವರು. ಗಂಡ ಟೆಂಪೊ ಚಾಲಕ, ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ, ಮಗ 9ನೇ ತರಗತಿ. ರಾತ್ರಿ ಬೈಕಿನಲ್ಲಿ ಮನೆಗೆ ಬರುವಾಗ ಅಪಘಾತವಾಗಿ ಗಂಡನ ತಲೆಗೆ ಪೆಟ್ಟಾಯಿತು. ಶಸ್ತ್ರಚಿಕಿತ್ಸೆ ಆಯಿತು, ಜೀವ ಉಳಿಯಿತು, ನಡೆದುಕೊಂಡೇ ಮನೆಗೆ ಬಂದರು. ಮೂರು ತಿಂಗಳ ನಂತರ ನಮ್ಮ ಸಮಿತಿಯವರು ಹೋದಾಗ ಆ ತಾಯಿ ಹೇಳಿದ ಮಾತು ಇದು: “ಮಂದಿ ಬಂದು ‘ಚಲೋ ಅದಾರಲ್ಲ’ ಅಂತಾರ್ರೀ. ಅವರ ಮುಂದ ಹೂಂ ಅಂತೀನಿ. ಆದರ ಮೊದಲಿನ ಮನಷಾ ಇನ್ನೂ ಮನೀಗೆ ಬಂದಿಲ್ರೀ.”

ಗಂಡನನ್ನು ಕರೆದುಕೊಂಡು ಊರಿಗೆ ಹೊರಟುಬಿಡಬೇಕೆಂದು ಅವರು ಆಗಲೇ ಚೀಲ ಕಟ್ಟಲು ತಯಾರಾಗಿದ್ದರು. ಊರಿನಲ್ಲಿ ಹೊಲ ಇದೆ, ಅತ್ತೆ ಇದ್ದಾರೆ. ಆದರೆ ಫಿಸಿಯೋಥೆರಪಿಯಾಗಲಿ ಮಾತಿನ ಚಿಕಿತ್ಸೆಯಾಗಲಿ ಅಲ್ಲಿ ಹತ್ತಿರದಲ್ಲಿಲ್ಲ. ಇಂಥ ಮನೆಗೆ ಯಾವಾಗ, ಯಾವ ರೀತಿಯ ನೆರವು ಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಪೆಟ್ಟಾದಾಗ ಆಗುವುದೇನು?

ಮಿದುಳು ಬಹಳ ಮೃದುವಾದ ಅಂಗ. ಅದು ಗಟ್ಟಿಯಾದ ತಲೆಬುರುಡೆಯೊಳಗೆ ನೀರಿನಂಥ ದ್ರವದಲ್ಲಿ ಇರುತ್ತದೆ. ಓಡುತ್ತಿದ್ದ ತಲೆ ಒಮ್ಮೆಲೇ ರಸ್ತೆಗೋ ಕಂಬಕ್ಕೋ ಬಡಿದು ನಿಂತಾಗ, ಒಳಗಿನ ಮಿದುಳು ಮುಂದೆ ಸರಿದು ಮೂಳೆಗೆ ಅಪ್ಪಳಿಸುತ್ತದೆ. ಹಣೆಯ ಹಿಂದಿನ ಭಾಗ ಮತ್ತು ಕಿವಿಯ ಪಕ್ಕದ ಭಾಗಗಳಿಗೆ ಹೆಚ್ಚಾಗಿ ಗಾಯವಾಗುತ್ತದೆ, ಏಕೆಂದರೆ ಅಲ್ಲಿ ಬುರುಡೆಯ ಒಳಮೈ ಒರಟು. ಕೆಲಸ ಶುರುಮಾಡುವುದು, ಮುಂದಿನದನ್ನು ಯೋಚಿಸುವುದು, ಸಿಟ್ಟನ್ನು ತಡೆದುಕೊಳ್ಳುವುದು, ಹೊಸ ವಿಷಯ ನೆನಪಿಡುವುದು – ಇವೆಲ್ಲ ನಡೆಯುವುದು ಹೆಚ್ಚಾಗಿ ಈ ಭಾಗಗಳಿಂದಲೇ. ಕೈಕಾಲು ಸರಿಯಾಗಿದ್ದರೂ ಸ್ವಭಾವ ಬದಲಾಗುವುದು ಈ ಕಾರಣದಿಂದ.

ಇನ್ನೊಂದು ಬಗೆಯ ಪೆಟ್ಟಿನಲ್ಲಿ ಮಿದುಳಿನೊಳಗಿನ ಸಣ್ಣ ನರತಂತುಗಳು ಎಳೆದು ಹರಿಯುತ್ತವೆ. ಇದು ಸಿಟಿ ಸ್ಕ್ಯಾನಿನಲ್ಲಿ ಎಷ್ಟೋ ಬಾರಿ ಕಾಣುವುದಿಲ್ಲ. “ಸ್ಕ್ಯಾನ್ ನಾರ್ಮಲ್ ಅಂದರಲ್ಲ, ಮತ್ತೇಕೆ ಹೀಗೆ ಮಾಡುತ್ತಾನೆ?” ಎಂದು ರೋಗಿಯನ್ನು ಅನುಮಾನಿಸುವ ಮುನ್ನ ಇದು ನೆನಪಿರಲಿ.

ಡಿಸ್ಚಾರ್ಜ್ ಕಾಗದದಲ್ಲಿ ‘ಜಿಸಿಎಸ್’ ಎಂದು ಬರೆದು ಒಂದು ಅಂಕಿ ಹಾಕಿರುತ್ತಾರೆ. ಅದು 1974ರಲ್ಲಿ ಗ್ಲಾಸ್ಗೋ ನಗರದ ವೈದ್ಯರು ರೂಪಿಸಿದ ಅಳತೆ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6, ಒಟ್ಟು 15 ಅಂಕ. ತೀರಾ ಕಡಿಮೆ ಎಂದರೆ 3. 13ರಿಂದ 15 ಇದ್ದರೆ ಸೌಮ್ಯ ಪೆಟ್ಟು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು. ಅದು ಆ ಹೊತ್ತಿನ ಎಚ್ಚರದ ಅಳತೆ. ಮುಂದೆ ಎಷ್ಟು ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ಆ ಒಂದೇ ಅಂಕಿ ಹೇಳಲಾರದು.

ಚೇತರಿಕೆ ಸಾಮಾನ್ಯವಾಗಿ ಮೊದಲ 6 ತಿಂಗಳಲ್ಲಿ ವೇಗವಾಗಿ ಆಗುತ್ತದೆ. ಆಮೇಲೆ ನಿಧಾನವಾದರೂ ನಿಂತುಹೋಗುವುದಿಲ್ಲ, ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಮುಂದುವರಿಯುತ್ತದೆ. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸಿದಾಗ ಮಿದುಳು ಹೊಸ ದಾರಿ ಕಂಡುಕೊಳ್ಳುತ್ತದೆ. ಈ ಅಭ್ಯಾಸ ನಡೆಯಬೇಕಾದದ್ದು ಮನೆಯಲ್ಲಿ, ದಿನವೂ. ಪಾರ್ಶ್ವವಾಯು, ಮಿದುಳು ಜ್ವರ, ಆಮ್ಲಜನಕದ ಕೊರತೆಯಿಂದ ಮಿದುಳಿಗೆ ಹಾನಿಯಾದವರ ಮನೆಗೂ ಇಲ್ಲಿ ಹೇಳುವ ಹೆಚ್ಚಿನ ಮಾತುಗಳು ಅನ್ವಯಿಸುತ್ತವೆ.

ಹೊರಗೆ ಕಾಣದ ತೊಂದರೆಗಳು

ಮೊದಲನೆಯದು ದಣಿವು. ಅರ್ಧ ಗಂಟೆ ಮಾತಾಡಿದರೂ ಇಡೀ ದಿನ ದುಡಿದಷ್ಟು ಆಯಾಸವಾಗುತ್ತದೆ. ದಣಿದಾಗ ಮಾತು ತಡವರಿಸುತ್ತದೆ, ಸಿಟ್ಟು ಬರುತ್ತದೆ.

ಎರಡನೆಯದು ಮರೆವು. ಇಪ್ಪತ್ತು ವರ್ಷ ಹಿಂದಿನ ಜಾತ್ರೆ ನೆನಪಿರುತ್ತದೆ, ಬೆಳಿಗ್ಗೆ ಮಾತ್ರೆ ತೆಗೆದುಕೊಂಡದ್ದು ನೆನಪಿರುವುದಿಲ್ಲ. “ಬೇಕಾದದ್ದು ಮಾತ್ರ ನೆನಪಿರತ್ತೆ” ಎಂದು ಚುಚ್ಚುವುದು ತಪ್ಪು. ಹಳೆಯ ನೆನಪು ಉಳಿದು ಹೊಸದು ನಿಲ್ಲದಿರುವುದು ಈ ಗಾಯದ ಲಕ್ಷಣ.

ಮೂರನೆಯದು, ತಾವಾಗಿ ಯಾವ ಕೆಲಸವನ್ನೂ ಶುರುಮಾಡದಿರುವುದು. ಸ್ನಾನಕ್ಕೆ ಏಳಿ ಎನ್ನುವವರೆಗೆ ಕುಳಿತೇ ಇರುತ್ತಾರೆ. ಇದು ಸೋಮಾರಿತನ ಅಲ್ಲ, ಹಣೆಯ ಹಿಂದಿನ ಮಿದುಳಿಗೆ ಆದ ಹಾನಿ.

ನಾಲ್ಕನೆಯದು ಸಿಟ್ಟು ಮತ್ತು ಲಂಗುಲಗಾಮಿಲ್ಲದ ಮಾತು. ಡೊಂಬಿವಲಿಯ ಆ ಮನೆಯಲ್ಲಿ ತಂದೆ ಮಗನನ್ನು ಅವನ ಗೆಳೆಯರ ಮುಂದೆಯೇ ಬೈದರು. ಮರುದಿನ ತಂದೆಗೆ ಅದು ನೆನಪೇ ಇರಲಿಲ್ಲ. ಹುಡುಗ ಮಾತ್ರ ಗೆಳೆಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟ. ಅವನ ಜೊತೆ ಕುಳಿತು “ಅಪ್ಪ ನಿನ್ನನ್ನು ಬೈಯಲಿಲ್ಲ, ಅವರ ಗಾಯ ಬೈಯಿಸಿತು” ಎಂದು ಯಾರಾದರೂ ತಿಳಿಸಿ ಹೇಳಬೇಕಾಗುತ್ತದೆ, ಒಂದು ಸಲ ಅಲ್ಲ, ಹತ್ತು ಸಲ.

ಐದನೆಯದು, ತಮಗೆ ಏನೂ ಆಗಿಲ್ಲ ಎಂದೇ ನಂಬಿರುವುದು. “ನಾಳೆಯಿಂದ ಗಾಡಿ ಓಡಿಸ್ತೀನಿ” ಎನ್ನುತ್ತಾರೆ. ಹಟ ಅಂತ ತಿಳಿಯಬೇಡಿ. ತನ್ನ ಕೊರತೆಯನ್ನು ತಾನೇ ಅರಿಯುವ ಶಕ್ತಿಗೂ ಪೆಟ್ಟು ಬಿದ್ದಿರುತ್ತದೆ. ವಾದಕ್ಕೆ ಇಳಿಯದೆ “ಡಾಕ್ಟರು ಒಪ್ಪಲಿ, ಆಮೇಲೆ ನೋಡೋಣ” ಎನ್ನುವುದು ಮೇಲು. ವಾಹನದ ಕೀಲಿ ಮನೆಯವರ ಕೈಯಲ್ಲೇ ಇರಲಿ.

ಮನೆಯವರು ಮಾಡಬಹುದಾದದ್ದು

ದಿನಚರಿ ಒಂದೇ ತೆರನಾಗಿರಲಿ. ಏಳುವುದು, ತಿಂಡಿ, ವ್ಯಾಯಾಮ, ವಿಶ್ರಾಂತಿ ದಿನವೂ ಅದೇ ಹೊತ್ತಿಗೆ ಆಗಲಿ. ಗೋಡೆಗೆ ದೊಡ್ಡ ಅಕ್ಷರದ ಕ್ಯಾಲೆಂಡರ್, ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಬಂದವರು, ತಿಂದದ್ದು, ತೆಗೆದುಕೊಂಡ ಮಾತ್ರೆ – ಎಲ್ಲವನ್ನೂ ಸಾಧ್ಯವಾದರೆ ಅವರ ಕೈಯಿಂದಲೇ ಬರೆಸಿ.

ಒಂದು ಸಲಕ್ಕೆ ಒಂದೇ ಮಾತು ಹೇಳಿ. “ಸ್ನಾನ ಮಾಡಿ ಬಟ್ಟೆ ಹಾಕಿ ಬೇಗ ಊಟಕ್ಕೆ ಬನ್ನಿ” ಎಂದರೆ ಅದರಲ್ಲಿ ಮೂರು ಕೆಲಸ ಇವೆ. ಮೊದಲು ಸ್ನಾನ ಮುಗಿಯಲಿ. ಪ್ರಶ್ನೆ ಕೇಳಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಉತ್ತರ ಬರುವ ಮೊದಲೇ ನಾವೇ ಹೇಳಿಬಿಟ್ಟರೆ ಅವರು ಪ್ರಯತ್ನಿಸುವುದನ್ನೇ ಬಿಡುತ್ತಾರೆ. ಹಾಗೆಯೇ, ಅವರಿಂದ ನಿಧಾನವಾಗಿ ಆಗುವ ಕೆಲಸವನ್ನು ಪ್ರೀತಿಯಿಂದ ನಾವೇ ಮಾಡಿಕೊಡುವುದೂ ಒಂದು ರೀತಿಯ ಅಡ್ಡಿಯೇ. ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕಿದ್ದರೆ ಬೇಕು.

ಸಿಟ್ಟು ಏರುವಾಗ ಟಿವಿ ಆರಿಸಿ, ದನಿ ತಗ್ಗಿಸಿ, ವಿಷಯ ಬದಲಿಸಿ. ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿ. ಶಾಂತರಾದ ಮೇಲೆ ಮಾತಾಡಿದರೆ ಸಾಕು.

ಎಚ್ಚರ ತಪ್ಪಬಾರದ ಕೆಲವು ಸಂಗತಿಗಳಿವೆ. ಫಿಟ್ಸ್ ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬಾರದು. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಸುತ್ತಲಿನ ಗಟ್ಟಿ ವಸ್ತು ಸರಿಸಿ. ಬಾಯೊಳಗೆ ಚಮಚ, ನೀರು, ಬೆರಳು ಏನನ್ನೂ ಹಾಕಬಾರದು. ಕೈಗೆ ಕಬ್ಬಿಣ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಪ್ರಯೋಜನವಿಲ್ಲ. 5 ನಿಮಿಷಕ್ಕೂ ನಿಲ್ಲದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಕೆಲವರಿಗೆ ಊತ ಇಳಿಸಲು ಬುರುಡೆಯ ಒಂದು ತುಂಡು ಮೂಳೆ ತೆಗೆದಿರುತ್ತಾರೆ. ಅದನ್ನು ತಿಂಗಳುಗಳ ನಂತರ ಮತ್ತೆ ಕೂರಿಸುತ್ತಾರೆ. ಅಲ್ಲಿಯವರೆಗೆ ಆ ಭಾಗಕ್ಕೆ ಏನೂ ತಗಲದಂತೆ ಕಾಪಾಡಬೇಕು. ಮದ್ಯ ಬೇಡವೇ ಬೇಡ. ಮನೆಗೆ ಬಂದ ಮೇಲೆ ತಲೆನೋವು ಹೆಚ್ಚುತ್ತಾ ಹೋದರೆ, ಪದೇ ಪದೇ ವಾಂತಿಯಾದರೆ, ಎಬ್ಬಿಸಿದರೂ ಏಳದಂಥ ಮಂಪರು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ನೋಡಲು ಹೋಗುವವರಿಗೆ ಕೆಲವು ಮಾತು

ನಮ್ಮವರಲ್ಲಿ ಒಂದು ಅಭ್ಯಾಸವಿದೆ. ಹಾಸಿಗೆಯ ಪಕ್ಕ ನಿಂತು “ನನ್ನ ಗುರ್ತು ಸಿಕ್ತಾ? ನಾನ್ಯಾರು ಹೇಳು ನೋಡೋಣ?” ಎಂದು ಕೇಳುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತೇವೆ. ಆದರೆ ದಿನಕ್ಕೆ ಹತ್ತು ಜನ ಹೀಗೆ ಪರೀಕ್ಷೆ ಮಾಡಿದರೆ, ಹೆಸರು ಹೊಳೆಯದ ಮನುಷ್ಯನಿಗೆ ಎಷ್ಟು ನಾಚಿಕೆಯಾಗಬಹುದು? ಒಳಗೆ ಬರುತ್ತಲೇ ನೀವೇ ಹೇಳಿಬಿಡಿ: “ನಾನು ನಿಮ್ಮ ಹಳೇ ಚಾಳಿನ ಗೆಳೆಯ, ಇಬ್ಬರೂ ಒಟ್ಟಿಗೇ ಲೋಕಲ್ ಹಿಡೀತಿದ್ವಿ.”

ಒಂದು ಸಲಕ್ಕೆ ಇಬ್ಬರು ಸಾಕು, ಇಪ್ಪತ್ತು ನಿಮಿಷ ಸಾಕು. ಫೋನ್ ಮಾಡಿ ಹೋಗಿ. ಸಣ್ಣ ಮನೆಯಲ್ಲಿ ಆರು ಜನ ಕುಳಿತು ಏಕಕಾಲಕ್ಕೆ ಮಾತಾಡಿದರೆ ಅವರ ತಲೆಗೆ ಅದು ಬರೀ ಗದ್ದಲ. ರೋಗಿಯ ಎದುರೇ ಮನೆಯವರ ಬಳಿ “ಏನು ತಿಂತಾರೆ? ಮಾತಾಡ್ತಾರಾ?” ಎಂದು ಕೇಳಬೇಡಿ, ಅವರನ್ನೇ ಕೇಳಿ. “ಚೆನ್ನಾಗೇ ಇದ್ದೀರಲ್ಲ, ಇನ್ನು ಕೆಲಸಕ್ಕೆ ಹೋಗಬಹುದು” ಎಂಬ ಮಾತು ಬೇಡ. ಇಂಥವರ ಮನೆಯಲ್ಲಿ ಹೀಗಾಗಿ ಹಾಗಾಯಿತು ಎಂಬ ಕಥೆಗಳೂ ಬೇಡ.

ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ವಾರದಲ್ಲಿ ಹೋದವರು ಆರನೇ ತಿಂಗಳಲ್ಲೂ ಹೋಗಿ. ಮೊದಲ ವಾರ ಐಸಿಯು ಬಾಗಿಲಲ್ಲಿ ನಲವತ್ತು ಜನ ಇರುತ್ತಾರೆ. ಆರನೇ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಆ ಮನೆಗೆ ಬಾಗಿಲು ತಟ್ಟುವವರು ಯಾರೂ ಇರುವುದಿಲ್ಲ.

ಮಾತು ಮರಳಲು ಕನ್ನಡ ಬೇಕು

ಹೊರನಾಡಿನ ಕನ್ನಡಿಗರಾದ ನಾವು ಮಾತ್ರ ಮಾಡಬಹುದಾದ ಒಂದು ಸಹಾಯ ಇಲ್ಲಿದೆ. ಮಿದುಳಿನ ಎಡಭಾಗಕ್ಕೆ ಹಾನಿಯಾದರೆ ಹಲವರಿಗೆ ಮಾತೇ ಹೊರಡುವುದಿಲ್ಲ, ಅಥವಾ ಕೇಳಿದ್ದು ಅರ್ಥವಾಗುವುದಿಲ್ಲ. ಮನೆಯಲ್ಲಿ ಕನ್ನಡ, ಕೆಲಸದಲ್ಲಿ ಹಿಂದಿ, ಬಜಾರಿನಲ್ಲಿ ಮರಾಠಿ ಆಡುತ್ತಿದ್ದವರಿಗೆ ಎಲ್ಲ ಭಾಷೆಗಳೂ ಒಂದೇ ಪ್ರಮಾಣದಲ್ಲಿ ಮರಳುತ್ತವೆ ಎಂದಿಲ್ಲ. ಒಬ್ಬರಿಗೆ ಒಂದು ಭಾಷೆ ಮೊದಲು, ಇನ್ನೊಬ್ಬರಿಗೆ ಇನ್ನೊಂದು. ಚಿಕಿತ್ಸಕರಿಗೆ ಕನ್ನಡ ಬಾರದಿದ್ದರೆ, ರೋಗಿ ಹೇಳಿದ ಸರಿಯಾದ ಕನ್ನಡ ಪದವೂ ಅರ್ಥವಿಲ್ಲದ ಸದ್ದು ಎಂದು ಕಾಗದದಲ್ಲಿ ದಾಖಲಾಗಬಹುದು.

ಆದ್ದರಿಂದ ಮಾತಿನ ಚಿಕಿತ್ಸೆಗೆ ಹೋಗುವಾಗ ಕನ್ನಡ ಮತ್ತು ಮರಾಠಿ ಅಥವಾ ಹಿಂದಿ ಎರಡೂ ಬಲ್ಲ ಒಬ್ಬರು ಜೊತೆಗಿರಬೇಕು. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಕನ್ನಡ ಪತ್ರಿಕೆ ಓದಿ ಹೇಳುವವರು, ತಟ್ಟೆ, ಲೋಟ, ಚಾದರ ತೋರಿಸಿ ಹೆಸರು ಹೇಳಿಸುವವರು ಬೇಕು. ಮಾತು ಹೊರಡದ ಕೆಲವರು ಹಾಡಿನ ಸಾಲನ್ನು ಹಾಡಬಲ್ಲರು. ಬಾಲ್ಯದಿಂದ ಬಾಯಿಪಾಠವಾದ ಭಜನೆ, ವಾರದ ದಿನಗಳ ಹೆಸರು, ಒಂದರಿಂದ ಹತ್ತರ ಎಣಿಕೆ ಇವೇ ಮೊದಲು ಮರಳುವುದುಂಟು. ಭಜನಾ ಮಂಡಳಿಯ ಒಬ್ಬ ಸದಸ್ಯ ಪಕ್ಕದಲ್ಲಿ ಕುಳಿತು ಹಾಡಿದರೆ ಅದೂ ಅಭ್ಯಾಸವೇ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತಿನ ತೊಂದರೆಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆ ಪ್ರತ್ಯೇಕ ವಿಭಾಗವಿದೆ. ಊರಿಗೆ ಹೋಗಿಬರುವ ಯೋಜನೆ ಇದ್ದವರು ಆ ಪ್ರಯಾಣದಲ್ಲೇ ಕನ್ನಡದಲ್ಲಿ ತಪಾಸಣೆ ಮಾಡಿಸಿಕೊಳ್ಳುವುದನ್ನು ಯೋಚಿಸಬಹುದು. ಮುಂಬಯಿಯಲ್ಲಿ ಹಾಜಿ ಅಲಿ ಬಳಿ ಕೇಂದ್ರ ಸರ್ಕಾರದ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ ಇದೆ. ಆದರೆ ಡೊಂಬಿವಲಿಯಿಂದ ದಾದರ್‌ಗೆ ಬಂದು, ಪಶ್ಚಿಮ ರೈಲ್ವೆಗೆ ಬದಲಿಸಿ ಮಹಾಲಕ್ಷ್ಮಿಯಲ್ಲಿ ಇಳಿದು ಹೋಗುವಷ್ಟರಲ್ಲಿ ರೋಗಿ ದಣಿದುಬಿಡುತ್ತಾರೆ. ದಟ್ಟಣೆ ಇಳಿದ ಮೇಲಿನ ಹೊತ್ತಿಗೆ ಅಪಾಯಿಂಟ್‌ಮೆಂಟ್ ಕೇಳುವುದು, ಕಾರು ಇರುವ ಸದಸ್ಯರು ವಾರಕ್ಕೊಮ್ಮೆ ಕರೆದೊಯ್ಯುವುದು ಸಣ್ಣ ಉಪಕಾರವೇನಲ್ಲ.

ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು ಯಾರು?

ಹೆಚ್ಚಿನ ಮನೆಗಳಲ್ಲಿ ಇಡೀ ಭಾರ ಒಬ್ಬರ ಮೇಲೆ ಬೀಳುತ್ತದೆ. ಅದು ಸಾಮಾನ್ಯವಾಗಿ ಹೆಂಡತಿ ಅಥವಾ ತಾಯಿ. ದುಡಿಮೆ ನಿಂತಿರುತ್ತದೆ, ರಾತ್ರಿ ನಿದ್ದೆ ಇರುವುದಿಲ್ಲ, ಜೊತೆಗೆ ಹೇಳಿಕೊಳ್ಳಲಾಗದ ಒಂದು ದುಃಖವೂ ಇರುತ್ತದೆ. ಮನುಷ್ಯ ಕಣ್ಣೆದುರೇ ಇದ್ದಾನೆ, ಆದರೂ ಕಳೆದುಕೊಂಡ ಹಾಗೆ. ಬದುಕಿ ಬಂದರಲ್ಲ ಎಂದು ಎಲ್ಲರೂ ಸಮಾಧಾನ ಹೇಳುವಾಗ ಅಳುವುದಕ್ಕೂ ಜಾಗವಿಲ್ಲ.

“ಏನಾದರೂ ಬೇಕಿದ್ದರೆ ಹೇಳಿ” ಎಂದರೆ ಅವರು ಹೇಳುವುದಿಲ್ಲ. ಸಂಕೋಚ ಇರುತ್ತದೆ, ಏನು ಕೇಳಬೇಕೆಂದು ಯೋಚಿಸಲೂ ಶಕ್ತಿ ಇರುವುದಿಲ್ಲ. “ಪ್ರತಿ ಗುರುವಾರ 3ರಿಂದ 5 ನಾನು ಅವರ ಜೊತೆ ಕೂರುತ್ತೇನೆ, ನೀವು ಮಲಗಿ ಅಥವಾ ಹೊರಗೆ ಹೋಗಿಬನ್ನಿ” ಎಂದು ನೀವೇ ಹೇಳಿ, ಹೇಳಿದ ಹಾಗೆ ಹೋಗಿ. ನಾಲ್ಕು ಮನೆಯವರು ಸರದಿ ಹಾಕಿಕೊಂಡರೆ ಯಾರಿಗೂ ಹೊರೆಯಾಗುವುದಿಲ್ಲ. ಒಬ್ಬರು ಔಷಧಿ ತರುವುದು, ಒಬ್ಬರು ಹುಡುಗನ ಲೆಕ್ಕ, ವಿಜ್ಞಾನ ನೋಡಿಕೊಳ್ಳುವುದು, ಒಬ್ಬರು ಕಾಗದಪತ್ರದ ಓಡಾಟ – ಹೀಗೆ ಹಂಚಿಕೊಳ್ಳಬಹುದು.

ಮರೆಯಬಾರದ ಕಾಗದಪತ್ರ

ರಸ್ತೆ ಅಪಘಾತಕ್ಕೆ ಒಳಗಾದವರಿಗೆ 2025ರಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಇದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಾನೂನಿನಲ್ಲಿ 6 ತಿಂಗಳ ಗಡುವು ಇದೆ. ಆಸ್ಪತ್ರೆಯ ಗಡಿಬಿಡಿಯಲ್ಲಿ ಈ ದಿನಗಳು ಕಳೆದುಹೋಗುತ್ತವೆ. ಎಫ್‌ಐಆರ್ ಪ್ರತಿ, ಡಿಸ್ಚಾರ್ಜ್ ಕಾಗದ, ಪ್ರತಿಯೊಂದು ಬಿಲ್ಲು ಒಂದೇ ಫೈಲಿನಲ್ಲಿರಲಿ. ಲೋಕಲ್ ರೈಲಿನಿಂದ ಬಿದ್ದು ಪೆಟ್ಟಾದವರು ಟಿಕೆಟ್ ಅಥವಾ ಪಾಸನ್ನು ಕಾಪಾಡಿಕೊಂಡು, ಒಂದು ವರ್ಷದೊಳಗೆ ರೈಲ್ವೆ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು.

ಹೋಟೆಲು, ಕಾರ್ಖಾನೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದು ಇಎಸ್‌ಐ ಕಡಿತವಾಗುತ್ತಿದ್ದರೆ ಅದನ್ನು ಮೊದಲು ವಿಚಾರಿಸಿ. ಕೆಲಸದಲ್ಲಿ ಆದ ಗಾಯಕ್ಕೆ, ಕೆಲವು ಷರತ್ತುಗಳ ಮೇಲೆ ಕೆಲಸಕ್ಕೆ ಹೋಗಿಬರುವಾಗ ಆದ ಅಪಘಾತಕ್ಕೂ, ದುಡಿಯಲಾಗದ ಅವಧಿಯಲ್ಲಿ ವೇತನದ ಹೆಚ್ಚಿನ ಪಾಲು ಇಎಸ್‌ಐಯಿಂದ ಸಿಗುತ್ತದೆ. ಶಾಶ್ವತ ಅಂಗವೈಕಲ್ಯ ಉಳಿದರೆ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. 2016ರ ಕಾಯ್ದೆಯಂತೆ ಹಲವು ಸೌಲಭ್ಯಗಳಿಗೆ ಕನಿಷ್ಠ 40 ಶೇಕಡಾ ಅಂಗವೈಕಲ್ಯದ ಪ್ರಮಾಣಪತ್ರ ಬೇಕಾಗುತ್ತದೆ. ಅರ್ಜಿ ತುಂಬಲು ಬಾರದವರಿಗೆ ನಮ್ಮ ಸದಸ್ಯರಲ್ಲಿರುವ ವಕೀಲರು, ಬ್ಯಾಂಕ್ ನಿವೃತ್ತರು ಒಂದು ಭಾನುವಾರ ಕುಳಿತು ತುಂಬಿಕೊಟ್ಟರೆ ಅದು ಹಣ ಕೊಟ್ಟಷ್ಟೇ ಸಮ.

ನಮ್ಮ ಕೋರಿಕೆ

ಶಸ್ತ್ರಚಿಕಿತ್ಸೆಗೆ ಹಣ ಕೇಳಿದಾಗ ನಮ್ಮ ದಾನಿಗಳು ಎಂದೂ ಇಲ್ಲ ಎಂದಿಲ್ಲ. ಆದರೆ ಫಿಸಿಯೋಥೆರಪಿ, ಮಾತಿನ ಚಿಕಿತ್ಸೆ, ಫಿಟ್ಸ್ ಮಾತ್ರೆ, ಟ್ಯಾಕ್ಸಿ ಖರ್ಚು, ಮಗನ ಶಾಲಾ ಶುಲ್ಕ ಇವು ತಿಂಗಳು ತಿಂಗಳು ಬರುವ ಸಣ್ಣ ಖರ್ಚುಗಳು. ಒಂದೇ ಸಲ ಕೊಟ್ಟ ದೊಡ್ಡ ಮೊತ್ತ ಆಸ್ಪತ್ರೆಯಲ್ಲೇ ಕರಗಿಹೋಗುತ್ತದೆ. ಹಾಗಾಗಿ ನಾವು ಎರಡು ವಿಷಯ ಕೇಳುತ್ತಿದ್ದೇವೆ. ಸಾಧ್ಯವಿರುವವರು ತಮ್ಮ ದಾನವನ್ನು 12 ತಿಂಗಳಿಗೆ ಹಂಚಿ, ‘ಮನೆ ಆರೈಕೆಗೆ’ ಎಂದು ಗುರುತಿಸಿ ಕೊಡಿ. ಹಣ ಕೊಡಲಾಗದವರು ವಾರಕ್ಕೆ ಎರಡು ಗಂಟೆ ಕೊಡಿ. ನಿಮ್ಮ ಬಡಾವಣೆ, ಬಿಡುವಿನ ದಿನ, ಬಲ್ಲ ಭಾಷೆಗಳನ್ನು ಸಂಘದ ಕಚೇರಿಗೆ ತಿಳಿಸಿದರೆ ಹತ್ತಿರದ ಮನೆಯೊಂದಿಗೆ ಜೋಡಿಸುತ್ತೇವೆ.

ಡೊಂಬಿವಲಿಯ ಆ ತಾಯಿ ಕಟ್ಟಿದ ಚೀಲ ಬಿಚ್ಚಿದ್ದಾರೆ. ಹತ್ತಿರದ ಮೂರು ಮನೆಯವರು ಸರದಿಯಲ್ಲಿ ಬರುತ್ತಾರೆ. ಅವರಿದ್ದ ಹೊತ್ತಿನಲ್ಲಿ ಅವರು ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಾರೆ. ಗಂಡನಿಗೆ ಟೆಂಪೊ ಓಡಿಸಲು ವೈದ್ಯರು ಇನ್ನೂ ಒಪ್ಪಿಲ್ಲ, ಒಪ್ಪುತ್ತಾರೋ ಇಲ್ಲವೋ ಈಗಲೇ ಹೇಳಲಾಗದು. ಆದರೆ ಅಡುಗೆಮನೆಯ ಗೋಡೆಗೆ ಮಗ ಕನ್ನಡದಲ್ಲಿ ಬರೆದು ಅಂಟಿಸಿದ ಆರು ಸಾಲಿನ ಪಟ್ಟಿ ಇದೆ. ಪಾತ್ರೆಗೆ ನೀರು ಹಾಕುವುದರಿಂದ ಶುರುವಾಗಿ ‘ಗ್ಯಾಸ್ ಆರಿಸು’ ಎಂಬಲ್ಲಿಗೆ ಅದು ಮುಗಿಯುತ್ತದೆ. ಕಳೆದ ಸಲ ನಮ್ಮ ಸಮಿತಿಯವರು ಹೋದಾಗ ಅವರು ಆ ಪಟ್ಟಿಯನ್ನು ಒಂದೊಂದಾಗಿ ಓದಿಕೊಂಡು, ಯಾರ ಸಹಾಯವೂ ಇಲ್ಲದೆ ನಾಲ್ಕು ಕಪ್ ಚಹಾ ಮಾಡಿ ತಂದಿಟ್ಟರು. ಸಕ್ಕರೆ ಮರೆತಿದ್ದರು. ಮಗ ಎದ್ದುಹೋಗಿ ಪಟ್ಟಿಯಲ್ಲಿ ಏಳನೇ ಸಾಲು ಸೇರಿಸಿದ.